ಮನೆಯ ಕಂಪ್ಯೂಟರಿಗೆ ಟಿವಿ ಟ್ಯೂನರ್ ಕಾರ್ಡ್: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರಿನ ಪರದೆಯಲ್ಲೇ ಟಿವಿ ನೋಡಬೇಕು, ಬೇಕಾದ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು ಎನ್ನುವವರು ಅಂಗಡಿಗೆ ಹೋಗಿ ಮೊದಲು ಕೇಳುವುದು ‘ಯಾವ ಕಂಪನಿಯ ಕಾರ್ಡ್ ಒಳ್ಳೆಯದು’ ಎಂದು. ಆದರೆ ಕಂಪನಿಯ ಹೆಸರಿಗಿಂತ ಮುಂಚೆ ತೀರ್ಮಾನವಾಗಬೇಕಾದದ್ದು ಮನೆಗೆ ಬರುತ್ತಿರುವ ಸಿಗ್ನಲ್ ಯಾವ ಬಗೆಯದು ಎಂಬುದು. ಅದು ಗೊತ್ತಾದರೆ ಮಾರುಕಟ್ಟೆಯಲ್ಲಿರುವ ಹತ್ತು ಕಾರ್ಡುಗಳಲ್ಲಿ ಎಂಟು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಕೆಳಗಿನ ಉತ್ತರಗಳನ್ನು ಈ ಎರಡು ಜಿಲ್ಲೆಗಳ ಸ್ಥಿತಿಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ಟಿವಿ ಟ್ಯೂನರ್ ಕಾರ್ಡ್ ನಿಜವಾಗಿ ಮಾಡುವ ಕೆಲಸವೇನು?

ಆಂಟೆನಾ, ಕೇಬಲ್ ಅಥವಾ ಡಿಶ್‌ನಿಂದ ಬರುವ ತಂತಿಯಲ್ಲಿ ಅನೇಕ ವಾಹಿನಿಗಳು ಒಟ್ಟಿಗೆ ಬರುತ್ತವೆ. ಅವುಗಳಲ್ಲಿ ಬೇಕಾದ ಆವರ್ತನವನ್ನು ಬೇರ್ಪಡಿಸುವುದು ಟ್ಯೂನರ್‌ನ ಕೆಲಸ. ಹಾಗೆ ಬೇರ್ಪಡಿಸಿದ ಸಿಗ್ನಲ್ಲನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳ ಪ್ರವಾಹವನ್ನಾಗಿ ಮಾಡುವುದು ಪಕ್ಕದಲ್ಲಿರುವ ಇನ್ನೊಂದು ಚಿಪ್‌ನ ಕೆಲಸ. ಚಿತ್ರವನ್ನು ಪರದೆಯ ಮೇಲೆ ತೋರಿಸುವುದು ಮಾತ್ರ ಕಂಪ್ಯೂಟರ್ ಮತ್ತು ಅದರಲ್ಲಿರುವ ತಂತ್ರಾಂಶ.

ಮೊಬೈಲಿನಲ್ಲೇ ಎಲ್ಲ ಸಿಗುವಾಗ ಈ ಕಾರ್ಡಿನ ಅಗತ್ಯವಾದರೂ ಏನು?

ಪೇಟೆಯಲ್ಲಿ ಫೈಬರ್ ಇಂಟರ್ನೆಟ್ ಇರುವ ಮನೆಗೆ ಹೆಚ್ಚಿನ ಅಗತ್ಯವಿಲ್ಲ ಎಂದು ನೇರವಾಗಿಯೇ ಹೇಳಬೇಕು. ಪ್ರಸಾರ ಭಾರತಿಯು 2024ರ ನವೆಂಬರ್‌ನಲ್ಲಿ ಆರಂಭಿಸಿದ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ವಾಹಿನಿಗಳು ಸಿಗುತ್ತವೆ. ಖಾಸಗಿ ವಾಹಿನಿಗಳಿಗೂ ಅವುಗಳದೇ ಆ್ಯಪ್‌ಗಳಿವೆ. ಆದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಮೊಬೈಲ್ ಹಿಡಿದು ಕಣದ ತುದಿಗೆ ಹೋಗಿ ನಿಂತರೆ ಮಾತ್ರ ನೆಟ್‌ವರ್ಕ್ ಬರುವ ಸ್ಥಿತಿ ಇನ್ನೂ ಇದೆ. ಅಂಥಲ್ಲಿ ಉಪಗ್ರಹದಿಂದ ನೇರವಾಗಿ ಬರುವ ಸಿಗ್ನಲ್ಲೇ ಗಟ್ಟಿ. ಎರಡನೆಯದಾಗಿ, ಇಂಥ ದಿನ ಇಂಥ ಹೊತ್ತಿಗೆ ರೆಕಾರ್ಡ್ ಆಗಲಿ ಎಂದು ಹೇಳಿಟ್ಟು, ಆ ಕಡತವನ್ನು ನಮ್ಮದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಸೌಲಭ್ಯವನ್ನು ಆ್ಯಪ್‌ಗಳು ಕೊಡುವುದಿಲ್ಲ. ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ಇರುವ ಜಿಸ್ಯಾಟ್-15 ಉಪಗ್ರಹದಲ್ಲೇ ‘ಸ್ವಯಂ ಪ್ರಭಾ’ ಶೈಕ್ಷಣಿಕ ವಾಹಿನಿಗಳೂ ಇವೆ. ಪಾಠಗಳನ್ನು ರೆಕಾರ್ಡ್ ಮಾಡಿಕೊಂಡು, ಕರೆಂಟು ಮತ್ತು ಪುರುಸೊತ್ತು ಎರಡೂ ಇರುವಾಗ ನೋಡುವ ವಿದ್ಯಾರ್ಥಿಗೆ ಈ ಕಾರ್ಡಿನಷ್ಟು ಉಪಯುಕ್ತವಾದ ವಸ್ತು ಬೇರೊಂದಿಲ್ಲ.

ನಮ್ಮ ಕಡೆ ಯಾವ ಯಾವ ಬಗೆಯ ಸಿಗ್ನಲ್‌ಗಳು ಲಭ್ಯ ಇವೆ?

ಹಿಂದೆ ಮನೆಯ ಮಾಡಿನ ಮೇಲೆ ಉದ್ದನೆಯ ಆಂಟೆನಾ ಹಾಕಿ ಹಿಡಿಯುತ್ತಿದ್ದ ದೂರದರ್ಶನದ ಭೂಪ್ರಸಾರ ಅನಲಾಗ್ ಆಗಿತ್ತು. ಅಂಥ ಪ್ರೇಷಕಗಳನ್ನು ಪ್ರಸಾರ ಭಾರತಿಯು ದೇಶದಾದ್ಯಂತ ಹಂತ ಹಂತವಾಗಿ ಮುಚ್ಚುತ್ತ ಬಂದು, ಗಡಿ ಮೊದಲಾದ ಕೆಲವು ಸ್ಥಳಗಳನ್ನು ಬಿಟ್ಟು ಉಳಿದವನ್ನು 2021ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಿತು. ಅದರ ಬದಲಿಗೆ ಬಂದ ಡಿವಿಬಿ-ಟಿ2 ಎಂಬ ಡಿಜಿಟಲ್ ಭೂಪ್ರಸಾರವನ್ನು 2016ರಲ್ಲಿ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ಆರಂಭಿಸಲಾಯಿತು. ಬೆಂಗಳೂರಿನ ಆ ಪ್ರಸಾರ ಹಾಸನದವರೆಗೆ ತಲುಪುವುದಿಲ್ಲ.

ಕೇಬಲ್‌ನಲ್ಲೂ ಇದೇ ಬದಲಾವಣೆ ಆಗಿದೆ. 2011ರ ಕೇಬಲ್ ಟಿವಿ ತಿದ್ದುಪಡಿ ಕಾಯ್ದೆಯಂತೆ ನಾಲ್ಕು ಹಂತಗಳಲ್ಲಿ ಡಿಜಿಟಲೀಕರಣ ನಡೆಯಿತು. ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರುಗಳ ಸರದಿ ಬಂತು. ಹಾಸನ, ಚಿಕ್ಕಮಗಳೂರಿನಂಥ ಪಟ್ಟಣಗಳು ಮೂರನೆಯ ಹಂತಕ್ಕೆ ಸೇರಿದ್ದು, ಅದರ ಗಡುವು 2015ರ ಡಿಸೆಂಬರ್ 31 ಆಗಿತ್ತು. ಹಳ್ಳಿಗಳು ಉಳಿದ ಹಂತಕ್ಕೆ ಬಂದವು. ಹೀಗಾಗಿ ಇಂದು ನಮ್ಮ ಕಡೆ ಉಳಿದಿರುವುದು ಮೂರೇ ದಾರಿ: ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದ ಡಿಜಿಟಲ್ ಕೇಬಲ್, ಹಣ ಕಟ್ಟಿ ನೋಡುವ ಡಿಟಿಎಚ್, ಮತ್ತು ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್.

ಮನೆಯಲ್ಲಿ ಹಳೆಯ ಟ್ಯೂನರ್ ಕಾರ್ಡ್ ಇದೆ. ಅದನ್ನೇ ಬಳಸಬಹುದೇ?

ಅದು ಅನಲಾಗ್ ಕಾರ್ಡ್ ಆಗಿರುವ ಸಾಧ್ಯತೆಯೇ ಹೆಚ್ಚು. ಗುರುತಿಸುವುದು ಸುಲಭ. ಕಾರ್ಡಿನ ಒಂದು ತುದಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದವಾದ ತಗಡಿನ ಡಬ್ಬಿ ಇರುತ್ತದೆ, ಅದೇ ಟ್ಯೂನರ್. ಅದರ ಚೀಟಿಯ ಮೇಲೆ ‘ಪಾಲ್ ಬಿ/ಜಿ’ ಎಂದಿದ್ದರೆ ಅದು ಭಾರತದ ಹಳೆಯ ಅನಲಾಗ್ ಪದ್ಧತಿಗೆ, ಅಂದರೆ 625 ಗೆರೆಗಳು ಮತ್ತು ಸೆಕೆಂಡಿಗೆ 25 ಚೌಕಟ್ಟುಗಳ ಪದ್ಧತಿಗೆ, ಮಾಡಿದ ಕಾರ್ಡ್. ನಡುವೆ ಇರುವ ದೊಡ್ಡ ಚೌಕ ಚಿಪ್ಪಿನ ಮೇಲೆ ಬಿಟಿ878, ಎಸ್‌ಎಎ7130, ಎಸ್‌ಎಎ7134 ಅಥವಾ ಸಿಎಕ್ಸ್23881 ಎಂಬ ಸಂಖ್ಯೆಗಳಲ್ಲೊಂದು ಕಾಣಬಹುದು. ಎರಡು ಸಾವಿರದ ದಶಕದಲ್ಲಿ ನಮ್ಮ ಊರುಗಳಲ್ಲಿ ಮಾರಾಟವಾದ ಕಾರ್ಡುಗಳಲ್ಲಿ, ಡಬ್ಬದ ಮೇಲಿನ ಹೆಸರು ಏನೇ ಇರಲಿ, ಒಳಗೆ ಇರುತ್ತಿದ್ದದ್ದು ಬಹುಪಾಲು ಇವೇ.

ಅದರ ಆಂಟೆನಾ ಕಿಂಡಿಗೆ ಇಂದು ಕೊಡಲು ಸಿಗ್ನಲ್ಲೇ ಇಲ್ಲ. ಆದರೂ ಎಸೆಯುವ ಮುನ್ನ ಹಿಂಬದಿಯನ್ನು ನೋಡಿ: ಹಳದಿ ಬಣ್ಣದ ಎವಿ ಕಿಂಡಿ ಅಥವಾ ದುಂಡನೆಯ ಎಸ್-ವಿಡಿಯೊ ಕಿಂಡಿ ಇದ್ದರೆ ಸೆಟ್‌ಟಾಪ್ ಬಾಕ್ಸಿನ ಎವಿ ತಂತಿಯನ್ನು ಅಲ್ಲಿಗೆ ಕೊಟ್ಟು ನೋಡಬಹುದು. ಹಳೆಯ ಮದುವೆ, ಉಪನಯನಗಳ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಇಂಥ ಕಾರ್ಡ್ ಇಂದಿಗೂ ಒಳ್ಳೆಯ ಸಾಧನ. ವಿಂಡೋಸ್‌ನ ಹೊಸ 64 ಬಿಟ್ ಆವೃತ್ತಿಗಳಿಗೆ ಅವುಗಳ ಡ್ರೈವರ್ ಸಿಗುವುದು ಕಷ್ಟ. ಲಿನಕ್ಸ್‌ನಲ್ಲಿ ಮಾತ್ರ ಬಿಟಿಟಿವಿ, ಎಸ್‌ಎಎ7134, ಸಿಎಕ್ಸ್88 ಎಂಬ ಡ್ರೈವರ್‌ಗಳು ಬಹಳ ಕಾಲದಿಂದ ಕರ್ನೆಲ್ (ಲಿನಕ್ಸ್‌ನ ತಿರುಳು) ಜೊತೆಗೇ ಇವೆ.

ಅಮೆರಿಕದಲ್ಲಿರುವ ನೆಂಟರು ಒಂದು ಯುಎಸ್‌ಬಿ ಟ್ಯೂನರ್ ತಂದುಕೊಟ್ಟಿದ್ದಾರೆ. ನಡೆಯುತ್ತದೆಯೇ?

ಇಲ್ಲ. ಅಲ್ಲಿಯ ಡಿಜಿಟಲ್ ಭೂಪ್ರಸಾರ ಎಟಿಎಸ್‌ಸಿ ಪದ್ಧತಿಯದು. ಇಲ್ಲಿ ಆ ಪ್ರಸಾರವೇ ಇಲ್ಲ. ಜಪಾನಿನಿಂದ ಬಂದ ಐಎಸ್‌ಡಿಬಿ-ಟಿ ಸಾಧನಕ್ಕೂ ಇದೇ ಉತ್ತರ.

ಕೇಬಲ್‌ನವರ ತಂತಿಯನ್ನು ನೇರವಾಗಿ ಕಾರ್ಡಿಗೆ ಕೊಟ್ಟರೆ ವಾಹಿನಿಗಳು ಬರುವುದಿಲ್ಲವೇ?

ನಮ್ಮಲ್ಲಿ ಡಿಜಿಟಲ್ ಕೇಬಲ್ ಬಳಸುವುದು ಡಿವಿಬಿ-ಸಿ ಪದ್ಧತಿಯನ್ನು, ಮತ್ತು ಆ ಪದ್ಧತಿಯ ಟ್ಯೂನರ್‌ಗಳೂ ಮಾರುಕಟ್ಟೆಯಲ್ಲಿವೆ. ಸ್ಕ್ಯಾನ್ ಮಾಡಿದಾಗ ವಾಹಿನಿಗಳ ಹೆಸರುಗಳೆಲ್ಲ ಸಾಲಾಗಿ ಮೂಡಿದ್ದನ್ನು ಕಂಡು ಅನೇಕರು ಹಿಗ್ಗುತ್ತಾರೆ. ಒಂದನ್ನು ಒತ್ತಿದರೆ ಪರದೆ ಕಪ್ಪು. ಹೆಸರುಗಳ ಪಟ್ಟಿ ತೆರೆದೇ ಬರುತ್ತದೆ, ಚಿತ್ರ ಮತ್ತು ಧ್ವನಿ ಮಾತ್ರ ಗೂಢಲಿಪಿಯಲ್ಲಿ ಬರುತ್ತವೆ. ಅದನ್ನು ಬಿಡಿಸುವ ಕೀಲಿ ಕೇಬಲ್‌ನವರು ಕೊಟ್ಟ ಬಾಕ್ಸಿನೊಳಗೆ ಇರುತ್ತದೆ. ಆದ್ದರಿಂದ ಕೇಬಲ್‌ಗೆಂದು ಡಿವಿಬಿ-ಸಿ ಕಾರ್ಡ್ ಕೊಳ್ಳುವುದು ವ್ಯರ್ಥ ಖರ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಣ ಕಟ್ಟಿ ನೋಡುವ ಡಿಟಿಎಚ್‌ಗೂ ಇದೇ ಮಾತು ಅನ್ವಯಿಸುತ್ತದೆ. ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ ಇರುವ ಟ್ಯೂನರ್‌ಗಳನ್ನು ತೋರಿಸಿ ‘ಇದರಲ್ಲಿ ಎಲ್ಲ ಬರುತ್ತದೆ’ ಎಂದು ಯಾರಾದರೂ ಹೇಳಿದರೆ, ನಿಮ್ಮದೇ ಸಂಪರ್ಕದ ಕಾರ್ಡ್ ಹಾಕಿ ಎದುರಿಗೇ ತೋರಿಸಿ ಎಂದು ಕೇಳಿ. ಇಂಟರ್ನೆಟ್ ಮೂಲಕ ಬೇರೆಯವರ ಕೀಲಿಯನ್ನು ಹಂಚಿಕೊಳ್ಳುವ ಉಪಾಯಗಳು ಕಾನೂನುಬಾಹಿರ.

ಹಾಗಾದರೆ ಕೊಳ್ಳಬೇಕಾದ ಕಾರ್ಡ್ ಯಾವುದು?

ಡಿಡಿ ಫ್ರೀ ಡಿಶ್ ಹಿಡಿಯುವ ಉಪಗ್ರಹ ಟ್ಯೂನರ್, ಅದರಲ್ಲೂ ಡಿವಿಬಿ-ಎಸ್2 ಪದ್ಧತಿಯದು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಯ ಹಳೆಯ ವಾಹಿನಿಗಳು ಡಿವಿಬಿ-ಎಸ್ ಎಂಬ ಹಳೆಯ ಉಪಗ್ರಹ ಪ್ರಸಾರ ಪದ್ಧತಿ ಮತ್ತು ಎಂಪೆಗ್-2 ಎಂಬ ಚಿತ್ರ ಕುಗ್ಗಿಸುವ ವಿಧಾನದ ರೂಪದಲ್ಲಿವೆ. ಆಮೇಲೆ ಸೇರಿಸಿದವು ಡಿವಿಬಿ-ಎಸ್2 ಮತ್ತು ಎಂಪೆಗ್-4 ರೂಪದಲ್ಲಿವೆ. ಎಸ್2 ಕಾರ್ಡ್ ಎರಡನ್ನೂ ಹಿಡಿಯುತ್ತದೆ, ಬರೀ ಎಸ್ ಕಾರ್ಡ್ ಹೊಸದನ್ನು ಹಿಡಿಯುವುದಿಲ್ಲ. ಬೆಲೆ ಕಡಿಮೆ ಎಂದು ಬರೀ ಎಸ್ ಕಾರ್ಡನ್ನು ಒಪ್ಪಬಾರದು.

ಇಲ್ಲೊಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ಡಿಡಿ ಚಂದನ ಫ್ರೀ ಡಿಶ್‌ನಲ್ಲಿದೆ. ಖಾಸಗಿ ವಾಹಿನಿಗಳು ಇ-ಹರಾಜಿನಲ್ಲಿ ಜಾಗ ಪಡೆದು ಬರುವುದರಿಂದ ಪಟ್ಟಿ ಆಗಾಗ ಬದಲಾಗುತ್ತದೆ. ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಬರುವ ಖಾಸಗಿ ವಾಹಿನಿಯ ಧಾರಾವಾಹಿಯೇ ಮನೆಯವರಿಗೆ ಮುಖ್ಯವಾದರೆ, ಕಾರ್ಡ್ ಕೊಳ್ಳುವ ಮೊದಲು ಆ ವಾಹಿನಿ ಈಗ ಫ್ರೀ ಡಿಶ್‌ನಲ್ಲಿದೆಯೇ ಎಂದು ಪಕ್ಕದ ಮನೆಯ ಬಾಕ್ಸಿನಲ್ಲಿ ನೋಡಿಕೊಳ್ಳುವುದು ಕ್ಷೇಮ.

ಪಿಸಿಐ, ಪಿಸಿಐ ಎಕ್ಸ್‌ಪ್ರೆಸ್, ಯುಎಸ್‌ಬಿ: ಯಾವುದು ಮೇಲು?

ಹಳೆಯ ಪಿಸಿಐ ಕಿಂಡಿ ಹೊಸ ಮದರ್‌ಬೋರ್ಡ್‌ಗಳಲ್ಲಿ ಇರುವುದಿಲ್ಲ. ಆದ್ದರಿಂದ ಅದನ್ನು ಮರೆತುಬಿಡಬಹುದು. ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೇ ಉತ್ತಮ. ಚಿಕ್ಕ ಎಕ್ಸ್1 ಕಾರ್ಡನ್ನು ಉದ್ದನೆಯ ಎಕ್ಸ್16 ಕಿಂಡಿಗೂ ಹಾಕಬಹುದೆಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಕ್ಯಾಬಿನೆಟ್ ತೆಳುವಾಗಿದ್ದರೆ ಗಿಡ್ಡ ಪಟ್ಟಿಯ ಬ್ರಾಕೆಟ್ ಜೊತೆಗಿದೆಯೇ ಎಂದು ನೋಡಬೇಕು. ಲ್ಯಾಪ್‌ಟಾಪ್‌ನವರಿಗೆ ಯುಎಸ್‌ಬಿ ಬಿಟ್ಟು ಬೇರೆ ದಾರಿಯಿಲ್ಲ.

ಯುಎಸ್‌ಬಿ ಉಪಗ್ರಹ ಟ್ಯೂನರ್‌ಗೆ ಬೇರೆ ಅಡಾಪ್ಟರ್ ಏಕೆ ಬೇಕು?

ಡಿಶ್‌ನ ತುದಿಯಲ್ಲಿದ್ದು ಉಪಗ್ರಹದ ಸಿಗ್ನಲ್ಲನ್ನು ಹಿಡಿಯುವ ಪುಟ್ಟ ಸಾಧನವಾದ ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದು ಸಿಗ್ನಲ್ ತರುವ ಅದೇ ತಂತಿಯ ಮೂಲಕ. 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ (ಅಲೆಗಳು ಮೇಲೆ ಕೆಳಗೆ ಕಂಪಿಸುವ) ಸಿಗ್ನಲ್, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣದ ಸಿಗ್ನಲ್ ಬರುತ್ತದೆ. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್, 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವಾಟ್ ಮಾತ್ರ. ಟ್ಯೂನರ್ ತನಗೆ ಬೇಕಾದಷ್ಟನ್ನು ತೆಗೆದುಕೊಂಡ ಮೇಲೆ ಎಲ್‌ಎನ್‌ಬಿಗೆ ಸಾಕಷ್ಟು ಉಳಿಯುವುದಿಲ್ಲ. ಒಳಗೆ ಹಾಕುವ ಕಾರ್ಡುಗಳಲ್ಲೂ ಕೆಲವಕ್ಕೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಕೊಡಬೇಕಾಗುತ್ತದೆ. ಅದನ್ನು ಸಿಕ್ಕಿಸಲು ಮರೆತು, ಸಿಗ್ನಲ್ ಇಲ್ಲವೆಂದು ಡಿಶ್ ತಿರುಗಿಸುತ್ತ ಮಾಡಿನ ಮೇಲೆ ಮಧ್ಯಾಹ್ನ ಕಳೆಯುವವರು ಬಹಳ.

ಡಿಶ್ ಯಾವ ದಿಕ್ಕಿಗೆ ಇರಬೇಕು?

ಜಿಸ್ಯಾಟ್-15 ಇರುವುದು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಹಾಸನದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗೆ, ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದಾಗ ಸುಮಾರು 126 ಡಿಗ್ರಿಯಲ್ಲಿ, ದಿಗಂತದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಚಿಕ್ಕಮಗಳೂರಿಗೆ ದಿಕ್ಕು ಅದೇ, ಎತ್ತರ ಸುಮಾರು 64 ಡಿಗ್ರಿ. ಇಷ್ಟು ಎತ್ತರದಲ್ಲಿರುವುದು ಮಲೆನಾಡಿನವರ ಅದೃಷ್ಟ. ಬೆಟ್ಟ ಅಡ್ಡ ಬರುವುದು ಅಪರೂಪ. ತೋಟದ ಸಿಲ್ವರ್ ಓಕ್ ಮತ್ತು ಅಡಿಕೆ ಮರಗಳು ಮಾತ್ರ ಅಡ್ಡ ಬರುತ್ತವೆ, ಅದೂ ಡಿಶ್‌ಗೆ ತೀರಾ ಹತ್ತಿರವಿದ್ದರೆ.

ಈ 65 ಡಿಗ್ರಿಯನ್ನು ಕಣ್ಣಳತೆಯಲ್ಲಿ ಹಿಡಿಯಲು ಹೋಗಬಾರದು. ನಮ್ಮ ಮನೆಗಳ ಡಿಶ್‌ಗಳು ಆಫ್‌ಸೆಟ್ ಮಾದರಿಯವು; ಎಲ್‌ಎನ್‌ಬಿ ತಟ್ಟೆಯ ನಡುವೆ ಇರದೆ ಕೆಳಗಿನ ಅಂಚಿನ ಕಡೆಯಿಂದ ಚಾಚಿಕೊಂಡಿರುತ್ತದೆ. ಆದ್ದರಿಂದ ತಟ್ಟೆ 40 ಡಿಗ್ರಿಯ ಆಸುಪಾಸಿನಲ್ಲಿ ವಾಲಿದಂತೆ ಕಂಡರೂ ಅದು ನೋಡುತ್ತಿರುವುದು 65 ಡಿಗ್ರಿಯನ್ನೇ. ಹಿಂಬದಿಯ ಕ್ಲ್ಯಾಂಪಿನ ಮೇಲೆ ಕೊರೆದಿರುವ ಅಂಕಿಗಳನ್ನು ನಂಬಿ, ಬೋಲ್ಟನ್ನು ಅರೆಬಿಗಿ ಮಾಡಿಕೊಂಡು, ಎಡಬಲಕ್ಕೆ ಬೆರಳಗಲದಷ್ಟೇ ಸರಿಸುತ್ತ ಹೋಗಬೇಕು. ಪರದೆಯಲ್ಲಿ ಸಿಗ್ನಲ್‌ನ ಬಲ, ಗುಣಮಟ್ಟ ಎಂಬ ಎರಡು ಪಟ್ಟಿಗಳು ಕಾಣುತ್ತವೆ. ಬಲದ ಪಟ್ಟಿ ಎಲ್‌ಎನ್‌ಬಿಗೆ ಕರೆಂಟು ಹೋದರೆ ಸಾಕು, ಆಕಾಶದ ಯಾವ ಮೂಲೆ ನೋಡಿದರೂ ಏರಿರುತ್ತದೆ. ನೋಡಬೇಕಾದದ್ದು ಗುಣಮಟ್ಟದ ಪಟ್ಟಿಯನ್ನು. ಅದು ಏಳುವುದು ಉಪಗ್ರಹ ಸಿಕ್ಕಾಗ ಮಾತ್ರ, ಮತ್ತು ಒಂದೆರಡು ಸೆಕೆಂಡು ತಡವಾಗಿ ಏಳುತ್ತದೆ. ಆದ್ದರಿಂದ ಸರಿಸಿ, ನಿಲ್ಲಿಸಿ, ನೋಡಬೇಕು. ಬಳಿಕ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ಗುಣಮಟ್ಟ ಅತಿ ಹೆಚ್ಚಾಗುವಲ್ಲಿ ಬಿಗಿ ಮಾಡಬೇಕು. ತಂತ್ರಾಂಶದಲ್ಲಿ ಎಲ್‌ಎನ್‌ಬಿಯ ಬಗೆ ‘ಯೂನಿವರ್ಸಲ್ 9750/10600’ ಎಂದು ಆರಿಸಿರದಿದ್ದರೆ ಇಷ್ಟೆಲ್ಲ ಸರಿಯಿದ್ದೂ ಒಂದು ವಾಹಿನಿಯೂ ಸಿಗುವುದಿಲ್ಲ.

ಅಂದಹಾಗೆ, 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಈ ಉಪಗ್ರಹವನ್ನು ಅಲ್ಲಿಂದಾಚೆ ತನ್ನ ಸ್ಥಾನಕ್ಕೆ ತಂದು ನಿಲ್ಲಿಸಿದ್ದು ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್. 1982ರಿಂದ ನಮ್ಮ ಊರಿನಲ್ಲಿರುವ ಆ ಕೇಂದ್ರದ ದೊಡ್ಡ ಡಿಶ್‌ಗಳನ್ನು ದಿನವೂ ನೋಡುತ್ತ ಓಡಾಡುವವರಿಗೆ ಮನೆಯ ಡಿಶ್ ಕೂರಿಸುವುದು ಅಂಥ ದೊಡ್ಡ ವಿದ್ಯೆಯಾಗಿ ಕಾಣಬಾರದು.

ಮಳೆಗಾಲದಲ್ಲಿ ಚಿತ್ರ ಹೋಗುತ್ತದೆಯೇ?

ಜೋರು ಮಳೆ ಸುರಿಯುವಾಗ ಹೋಗುತ್ತದೆ. ಈ ಪ್ರಸಾರಕ್ಕೆ ಬಳಸುವ ಕೆಯು ಬ್ಯಾಂಡ್ ಎಂಬ ಆವರ್ತನಗಳ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ಇದಕ್ಕೆ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ. ಘಟ್ಟದ ಅಂಚಿನ ಊರುಗಳವರು 60 ಸೆಂಟಿಮೀಟರಿನ ತಟ್ಟೆಯ ಬದಲು 75 ಅಥವಾ 90 ಸೆಂಟಿಮೀಟರಿನದನ್ನು ಹಾಕಿಸಿದರೆ ಬಹಳಷ್ಟು ಮಳೆಯನ್ನು ತಡೆದುಕೊಳ್ಳಬಹುದು. ಇನ್ನು ಮಾರ್ಚ್ ಮಧ್ಯಭಾಗ ಮತ್ತು ಸೆಪ್ಟೆಂಬರ್ ಕೊನೆಯ ಸುಮಾರಿಗೆ ಕೆಲವು ದಿನ, ಬೆಳಗ್ಗೆ 11 ಗಂಟೆಯ ಆಸುಪಾಸಿನಲ್ಲಿ, ನಿರ್ಮಲ ಆಕಾಶವಿದ್ದೂ ಚಿತ್ರ ಕೆಲವು ನಿಮಿಷ ಕೆಡುವುದುಂಟು. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ. ಏನನ್ನೂ ಮುಟ್ಟದೆ ಕಾಯಬೇಕು.

ಮಳೆಗಿಂತ ಅಪಾಯಕಾರಿ ಎಂದರೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು. ಡಿಶ್‌ನ ತಂತಿ ನೇರವಾಗಿ ಮದರ್‌ಬೋರ್ಡಿನವರೆಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಟಿವಿ ಬಾಕ್ಸ್ ಸುಟ್ಟರೆ ಬಾಕ್ಸ್ ಮಾತ್ರ ಹೋಗುತ್ತದೆ, ಇಲ್ಲಿ ಇಡೀ ಕಂಪ್ಯೂಟರೇ ಹೋಗಬಹುದು. ಡಿಶ್‌ನ ಕಂಬಕ್ಕೆ ಅರ್ತಿಂಗ್ ಮಾಡಿಸಿ, ಮೋಡ ಕಟ್ಟಿದೊಡನೆ ಕಾರ್ಡಿನ ಹಿಂದಿನ ತಂತಿಯನ್ನು ಬಿಚ್ಚಿಡಿ. ಯುಪಿಎಸ್ ಇದೆಯೆಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಸೆಟ್‌ಟಾಪ್ ಬಾಕ್ಸಿನಿಂದಲೇ ಕಂಪ್ಯೂಟರಿಗೆ ಚಿತ್ರ ತರಬಹುದೇ?

ತರಬಹುದು, ಆದರೆ ಅದಕ್ಕೆ ಬೇಕಾದದ್ದು ಟ್ಯೂನರ್ ಅಲ್ಲ, ಕ್ಯಾಪ್ಚರ್ ಸಾಧನ. ಎಚ್‌ಡಿಎಂಐ ಕಿಂಡಿಯಿಂದ ತರಲು ಹೋದರೆ ಅನೇಕ ಬಾಕ್ಸ್‌ಗಳಲ್ಲಿ ಎಚ್‌ಡಿಸಿಪಿ ಎಂಬ ನಕಲು ತಡೆ ಇರುವುದರಿಂದ ಪರದೆ ಕಪ್ಪಾಗಿಯೇ ಉಳಿಯಬಹುದು. ಹಳದಿ, ಕೆಂಪು, ಬಿಳಿ ಎವಿ ತಂತಿಗಳಿಂದ ತಂದರೆ 720×576 ಅಳತೆಯ ಸಾಧಾರಣ ಚಿತ್ರ ಬರುತ್ತದೆ. ಈ ಏರ್ಪಾಡಿನಲ್ಲಿ ವಾಹಿನಿ ಬದಲಾಯಿಸುವುದು ಬಾಕ್ಸಿನ ರಿಮೋಟಿನಿಂದ. ಕಂಪ್ಯೂಟರಿಗೆ ಅದರ ಮೇಲೆ ಹಿಡಿತವಿಲ್ಲ. ನಿಗದಿತ ಹೊತ್ತಿಗೆ ರೆಕಾರ್ಡ್ ಆಗಬೇಕಾದರೆ ಬಾಕ್ಸನ್ನು ಅದೇ ವಾಹಿನಿಯಲ್ಲಿ ಬಿಟ್ಟು ಹೋಗಬೇಕು.

ರೆಕಾರ್ಡ್ ಮಾಡಲು ಎಷ್ಟು ಜಾಗ ಬೇಕು? ಹಳೆಯ ಕಂಪ್ಯೂಟರ್ ಸಾಕೇ?

ಉಪಗ್ರಹ ಟ್ಯೂನರ್ ರೆಕಾರ್ಡ್ ಮಾಡುವಾಗ ಬರುತ್ತಿರುವ ಅಂಕಿಗಳನ್ನು ಇದ್ದಂತೆಯೇ ಡಿಸ್ಕಿಗೆ ಬರೆಯುತ್ತದೆ; ಪ್ರೊಸೆಸರಿಗೆ ಬಹುತೇಕ ಕೆಲಸವೇ ಇಲ್ಲ. ಸೆಕೆಂಡಿಗೆ 2.5 ಮೆಗಾಬಿಟ್ ಇರುವ ಸಾಧಾರಣ ವಾಹಿನಿಯ ಒಂದು ಗಂಟೆ ಸುಮಾರು 1.1 ಜಿಬಿ ಆಗುತ್ತದೆ. ಎವಿ ತಂತಿಯಿಂದ ಬಂದ ಚಿತ್ರದ ಕತೆ ಬೇರೆ. ಅದನ್ನು ಕುಗ್ಗಿಸದೆ ಹಾಗೇ ಬರೆದರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಆದ್ದರಿಂದ ಬರೆಯುತ್ತಿರುವಾಗಲೇ ಕುಗ್ಗಿಸಬೇಕಾಗುತ್ತದೆ, ಮತ್ತು ಆ ಹೊರೆ ಪೂರ್ತಿ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹತ್ತು ವರ್ಷ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಉಪಗ್ರಹ ಟ್ಯೂನರನ್ನೇ ಶಿಫಾರಸು ಮಾಡಲು ಇದೂ ಒಂದು ಕಾರಣ.

ತಂತ್ರಾಂಶ ಯಾವುದು?

ವಿಂಡೋಸ್ 7ರವರೆಗೆ ಜೊತೆಗೇ ಬರುತ್ತಿದ್ದ ಮೀಡಿಯಾ ಸೆಂಟರ್ ವಿಂಡೋಸ್ 10ರಲ್ಲಿ ಇಲ್ಲ. ಈಗ ಕಾರ್ಡಿನ ಜೊತೆ ಬರುವ ತಂತ್ರಾಂಶ, ಅಥವಾ ನೆಕ್ಸ್ಟ್‌ಪಿವಿಆರ್, ಪ್ರೋಗ್‌ಡಿವಿಬಿ ಮೊದಲಾದವನ್ನು ಬಳಸಬೇಕು. ಲಿನಕ್ಸ್‌ನಲ್ಲಿ ಒಬ್ಬರೇ ನೋಡುವುದಾದರೆ ಕೆಫೀನ್ ಸಾಕು. ಮನೆಯ ಬೇರೆ ಕೋಣೆಯ ಮೊಬೈಲ್, ಲ್ಯಾಪ್‌ಟಾಪ್‌ಗಳಿಗೂ ವೈಫೈ ಮೂಲಕ ಹಂಚುವುದಾದರೆ ಟಿವಿಹೆಡೆಂಡ್ ಹಾಕಿಕೊಳ್ಳಿ. ಲಿನಕ್ಸ್ ಬಳಸುವವರು ಕಾರ್ಡ್ ಕೊಳ್ಳುವ ಮೊದಲೇ ಅದರ ಡ್ರೈವರ್ ಕರ್ನೆಲ್‌ನಲ್ಲಿದೆಯೇ ಅಥವಾ ತಯಾರಕರಿಂದ ಬೇರೆಯಾಗಿ ತಂದು ಹಾಕಬೇಕೇ ಎಂದು ನೋಡಿಕೊಳ್ಳಬೇಕು. ಎರಡನೆಯದಾದರೆ ಪ್ರತಿ ಕರ್ನೆಲ್ ಬದಲಾವಣೆಯಲ್ಲೂ ಆ ಕೆಲಸ ಮತ್ತೆ ಬರುತ್ತದೆ.

ಎಫ್‌ಎಂ ರೇಡಿಯೊ ಇರುವ ಕಾರ್ಡ್ ಬೇಕೇ?

ಅನಲಾಗ್ ಕಾರ್ಡುಗಳಲ್ಲಿ ಅದು ಇರುತ್ತಿತ್ತು, ಉಪಗ್ರಹ ಕಾರ್ಡುಗಳಲ್ಲಿ ಇರುವುದಿಲ್ಲ. ಹಾಸನ ಆಕಾಶವಾಣಿ ಕೇಳಲು ಒಂದು ಪುಟ್ಟ ರೇಡಿಯೊ ಸಾಕು.

ತಂತಿ ಮತ್ತು ಕನೆಕ್ಟರ್ ವಿಷಯದಲ್ಲಿ ಏನು ಗಮನಿಸಬೇಕು?

75 ಓಮ್‌ನ ಆರ್‌ಜಿ-6 ತಂತಿಯನ್ನೇ ಕೇಳಿ. ಎಫ್ ಕನೆಕ್ಟರ್ ಹಾಕುವಾಗ ಹೊರಗಿನ ಜಾಲರಿಯ ಒಂದೇ ಒಂದು ಕೂದಲೆಳೆ ನಡುವಿನ ತಾಮ್ರದ ತಂತಿಗೆ ತಾಗಿದರೂ ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜು ಶಾರ್ಟ್ ಆಗಿ ಕಾರ್ಡಿಗೆ ಹಾನಿಯಾಗಬಹುದು. ಆದ್ದರಿಂದ ಕಂಪ್ಯೂಟರ್ ಆರಿಸಿದ ಮೇಲೆಯೇ ಕನೆಕ್ಟರ್ ಬಿಗಿಯಬೇಕು. ಮಾಡಿನ ಮೇಲಿರುವ ತುದಿಗೆ ರಬ್ಬರ್ ತೊಡಿಸಿ ಟೇಪ್ ಸುತ್ತದಿದ್ದರೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ತಾಮ್ರ ಹಸಿರಾಗಿರುತ್ತದೆ.

ಈಗಾಗಲೇ ಟಿವಿಗೆ ಫ್ರೀ ಡಿಶ್ ಇದೆ. ಅದೇ ಡಿಶ್‌ನಿಂದ ಕಂಪ್ಯೂಟರಿಗೂ ಕೊಡಬಹುದೇ?

ಕೊಡಬಹುದು, ಆದರೆ ಕೇಬಲ್‌ನವರು ಬಳಸುವ ಅಗ್ಗದ ಸ್ಪ್ಲಿಟರ್ ಹಾಕಿ ಒಂದೇ ತಂತಿಯನ್ನು ಎರಡು ಮಾಡಬಾರದು. ಬಾಕ್ಸ್ 13 ವೋಲ್ಟ್ ಕೊಡುತ್ತಿರುವಾಗ ಕಾರ್ಡ್ 18 ಕೊಟ್ಟರೆ ಎಲ್‌ಎನ್‌ಬಿ ಒಬ್ಬರ ಮಾತನ್ನಷ್ಟೇ ಕೇಳುತ್ತದೆ, ಇನ್ನೊಂದು ಕಡೆ ವಾಹಿನಿಗಳು ಮಾಯವಾಗುತ್ತವೆ. ಎರಡು ಸ್ವತಂತ್ರ ಕಿಂಡಿಗಳಿರುವ ಟ್ವಿನ್ ಎಲ್‌ಎನ್‌ಬಿ ತಂದು, ಒಂದರಿಂದ ಟಿವಿ ಬಾಕ್ಸಿಗೆ, ಇನ್ನೊಂದರಿಂದ ಕಂಪ್ಯೂಟರಿಗೆ ಬೇರೆ ಬೇರೆ ತಂತಿ ಎಳೆಯಬೇಕು. ಎರಡು ಟ್ಯೂನರ್‌ಗಳಿರುವ ಕಾರ್ಡ್ ಕೊಂಡು ಒಂದು ವಾಹಿನಿ ನೋಡುತ್ತ ಇನ್ನೊಂದನ್ನು ರೆಕಾರ್ಡ್ ಮಾಡುವ ಯೋಚನೆ ಇದ್ದರೆ ನಾಲ್ಕು ಕಿಂಡಿಗಳ ಕ್ವಾಡ್ ಎಲ್‌ಎನ್‌ಬಿಯನ್ನೇ ತರುವುದು ಲೇಸು, ಏಕೆಂದರೆ ಮತ್ತೊಮ್ಮೆ ಏಣಿ ಹಾಕುವ ಕೆಲಸ ತಪ್ಪುತ್ತದೆ.